ಒರೆಸ್ತೆಯ ಕಿವಿ

ಇಟಲಿಯ ಮೊದೆನಾ ಊರಿನ ಮೆಕ್ಯಾನಿಕ್ ಒರೆಸ್ತೆ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟು ರೋಗ ಹೇಳುವುದರಲ್ಲಿ ಹೆಸರುವಾಸಿ. ಅವನ ಎರಡೂ ಕಿವಿ ಈಗ ಪೂರ್ತಿ ಸತ್ತಿವೆಯೆಂದು ಹೆಂಡತಿ ಇವೊನ್ನೆಯನ್ನು ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದರೆ ಗ್ಯಾರೇಜಿಗೆ ಬೀಗವೇ ಗತಿ.

ಅವತ್ತು ಹಳೆಯ ಗಿರಾಕಿ ವಾಂದೆಲ್ಲಿಯ ಕೆಂಪು ಸ್ಪೋರ್ಟ್ಸ್ ಕಾರು ಬಿಳಿ ಹೊಗೆ ಕಾರುತ್ತ, ಕುಂಟುತ್ತ ಬಂತು. ಒರೆಸ್ತೆ ಅವನ ತುಟಿಗಳ ಮೇಲೆ ಕಣ್ಣು ನೆಟ್ಟ.

"ರಾತ್ರಿಯೆಲ್ಲ ಮಳೇಲಿ ನಿಂತಿತ್ತು ಮಾರಾಯ. ಎಂಜಿನ್ ಬಿಚ್ಚಬೇಕು ಅಂತ ಮಾತ್ರ ಹೇಳ್ಬೇಡ."

"ಹೊದಿಕೆ ಹಾಕೋಕೆ ಏನಾಗಿತ್ತು?"

"ಹಾಕಿದ್ರೆ ಕಾರು ನೋಡಿ ಬಾರಿನವರ ಹೊಟ್ಟೆ ಉರಿಯೋದು ಹೇಗೆ?"

ಒರೆಸ್ತೆ ಸ್ಕ್ರೂಡ್ರೈವರ್ ಕಿವಿಗಿಟ್ಟ. ಏನೂ ಕೇಳಲಿಲ್ಲ. ವಾಂದೆಲ್ಲಿ ಅವನ ಮುಖವನ್ನೇ ನೋಡುತ್ತಿದ್ದ. ಯೋಚಿಸುವವನಂತೆ ಒರೆಸ್ತೆ ಬಾನೆಟ್ಟಿನ ಮಳೆನೀರಿನಲ್ಲಿ ಬೆರಳದ್ದಿ, ಎಂಜಿನ್ನಿನಿಂದ ಹೊರಡುವ ಹೊಗೆಕೊಳವೆಗಳ ಮೇಲೆ ಒಂದೊಂದಾಗಿ ಚಿಮುಕಿಸಿದ. ಎಲ್ಲ ಕಡೆ ಹನಿ ಆವಿಯಾಯಿತು. ಮೂರನೆಯದರ ಮೇಲೆ ಮಾತ್ರ ಹಾಗೇ ಕೂತಿತ್ತು. ಕೊಳವೆ ತಣ್ಣಗಿದೆಯೆಂದರೆ ಆ ಸಿಲಿಂಡರಿನಲ್ಲಿ ಬೆಂಕಿಯೇ ಹೊತ್ತುತ್ತಿಲ್ಲ.

ಎಂಜಿನ್ ಆರಿಸಿ ಅಲ್ಲಿನ ಸ್ಪಾರ್ಕ್ ಪ್ಲಗ್ಗಿನ ಮುಚ್ಚಳ ಎಳೆದ. ಪ್ಲಗ್ ಕೂರುವ ಕುಳಿಯ ತುಂಬ ಮಳೆನೀರು. ಬಟ್ಟೆಯಲ್ಲಿ ಹೀರಿ, ಗಾಳಿ ಊದಿ ಒಣಗಿಸಿ, ಮತ್ತೆ ಚಾಲೂ ಮಾಡಿದ. ಹೊಗೆ ತಿಳಿಯಾಯಿತು.

"ಕಿವಿ ಅಂದ್ರೆ ನಿಂದು ಕಣೋ," ಎಂದು ವಾಂದೆಲ್ಲಿ ಬೆನ್ನು ತಟ್ಟಿ ಹೊರಟ.

ಒರೆಸ್ತೆ ಬಾಗಿಲಲ್ಲಿ ನಿಂತ. ಮೂರು ಬೀದಿಯಾಚೆಯಿಂದಲೇ ಗುರುತು ಹಿಡಿಯುತ್ತಿದ್ದ ಆ ಗರ್ಜನೆ ಈಗ ಅವನಿಗೆ ಅಂಗಾಲಿನಡಿಯ ನಡುಕವಷ್ಟೇ. ಕಾರು ತಿರುವು ದಾಟುವ ಮೊದಲೇ ಅದೂ ನಿಂತಿತು.