ಎಂಬತ್ತು ನಿಮಿಷ ಮುಚ್ಚಿದ್ದ ಬಾಗಿಲು

ಗೆಳೆಯರೇ, ಇವತ್ತು ಬೆಳಿಗ್ಗೆ ಗುಬ್ಬಿಯಲ್ಲಿ ಚೇಳೂರು ಬಸ್ಸು ನನ್ನನ್ನು ಬಿಟ್ಟು ಹೊರಟೇಬಿಟ್ಟಿತ್ತು. ಒಳಗಿನಿಂದ ಒಬ್ಬ ಹೆಂಗಸು ಕೂಗಿದಳು: "ಕಂಡಕ್ಟ್ರೇ, ಒಸಿ ನಿಲ್ಸಿ! ನಮ್ ಮೇಷ್ಟ್ರು ಓಡ್ಬತ್ತಾವ್ರೆ."

ಏದುಸಿರು ಬಿಡುತ್ತಾ ಹತ್ತಿದೆ.

"ಗುರ್ತು ಸಿಗ್ಲಿಲ್ವಾ ಸಾರ್? ನಾನು ಜಯಮ್ಮ. ಎಂಬತ್ನಾಕ್ರಲ್ಲಿ ಒಂಬತ್ನೇ ಕ್ಲಾಸು. ಚೇಳೂರಿಂದ ಬತ್ತಿದ್ನಲ್ಲ."

ಗುರುತು ಸಿಕ್ಕಿತು. ಆ ವರ್ಷ ನಾನು ಗುಬ್ಬಿಯ ಹೈಸ್ಕೂಲೊಂದಕ್ಕೆ ಹೊಸದಾಗಿ ಬಂದ ಗಣಿತದ ಮೇಷ್ಟ್ರು. ನಲವತ್ತು ನಿಮಿಷದಲ್ಲಿ ಒಂದು ಪ್ರಮೇಯವೂ ಮುಗಿಯುವುದಿಲ್ಲವೆಂದು ಹೆಡ್ಮಾಸ್ಟರ ಬೆನ್ನುಬಿದ್ದು, ಬೆಳಗಿನ ಎರಡು ಪೀರಿಯಡ್ ಸೇರಿಸಿ ಎಂಬತ್ತು ನಿಮಿಷದ್ದೊಂದು ಮಾಡಿಸಿದ್ದೆ. ಪಾಠ ಚೆನ್ನಾಗಿಯೇ ನಡೆಯಿತು. ಪ್ರಾರ್ಥನೆ ಮುಗಿದ ತಕ್ಷಣ ಬಾಗಿಲು ಹಾಕಿದರೆ, ಮುಂದಿನ ಗಂಟೆ ಹೊಡೆಯುವವರೆಗೆ ತೆಗೆಯುತ್ತಿರಲಿಲ್ಲ. ಚೇಳೂರು ಬಸ್ಸು ದಿನಾ ಐದು ನಿಮಿಷ ತಡ. ಮೊದಲು ಈ ಹುಡುಗಿಗೆ ಒಂದು ಪೀರಿಯಡ್ ತಪ್ಪುತ್ತಿತ್ತು, ನನ್ನ ಸುಧಾರಣೆಯಾದ ಮೇಲೆ ಎರಡೂ ತಪ್ಪಿದವು. ಜಗಲಿಯಲ್ಲಿ ನಿಂತು, ಕಿಟಕಿಯಿಂದ ಬೋರ್ಡು ನೋಡಿ ಬರೆದುಕೊಳ್ಳುತ್ತಿದ್ದಳು. ನಾನದನ್ನು ಶಿಸ್ತು ಅಂದುಕೊಂಡಿದ್ದೆ.

"ನನ್ಮೇಲೆ ಕೋಪ ಇಲ್ವೇನಮ್ಮ?" ಅಂದೆ.

"ಕೋಪ ಇದ್ದಿದ್ರೆ ಬಸ್ ನಿಲ್ಲಿಸ್ತಿದ್ನಾ ಸಾರ್? ಆದ್ರೂ ಇವತ್ತು ಲೇಟಾಗಿ ಬಂದೋರು ನೀವು. ನಿಮ್ ಲೆಕ್ಕದಲ್ಲಾದ್ರೆ ಎಂಬತ್ತು ನಿಮಿಷ ಆಚೆ ನಿಲ್ಬೇಕಿತ್ತು" ಎಂದು ನಕ್ಕು, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಕೂರಲಿಲ್ಲ. ಚೇಳೂರಿನವರೆಗೆ ಕಂಬಿ ಹಿಡಿದು ನಿಂತೇ ಹೋದೆ. ಬರೀ ನಲವತ್ತು ನಿಮಿಷದ ದಾರಿ. ಉಳಿದ ನಲವತ್ತನ್ನು ಸಂಜೆ ವಾಪಸ್ ಬರುವಾಗ ನಿಂತು ತೀರಿಸಿದೆ.