ಏಳನೆಯ ಭಾಗ ಮನೆಯೊಳಗೆ ಓದಬಾರದು

ಹಳೆಯ ಪುಸ್ತಕ ಬಿಡಿಸಿದರೆ ಬೇರೆಯವರಿಗೆ ಧೂಳಿನ ವಾಸನೆ ಬರುತ್ತದಂತೆ. ನನ್ನ ಮೂಗಿಗೆ ಮಾತ್ರ ಕರ್ಪೂರ ಮತ್ತು ಈರುಳ್ಳಿಯ ವಾಸನೆ ಹೊಡೆಯುತ್ತದೆ. ಎಂಬತ್ತರ ದಶಕದ ಆರಂಭದಲ್ಲಿ ನಾವು ಯಶವಂತಪುರದ ಮಂಡಿಯ ಹಿಂದಿನ ಬೀದಿಯ ಒಂದು ವಠಾರದಲ್ಲಿದ್ದೆವು. ಲಾರಿಯಿಂದ ಇಳಿಸಿದ ಈರುಳ್ಳಿ ಮೂಟೆಗಳ ಘಾಟು ಹೆಂಚಿನ ಸಂದಿಯಿಂದ ಇಳಿದು ಒಗೆದ ಬಟ್ಟೆಗೂ ಮೊಸರನ್ನಕ್ಕೂ ಅಂಟುತ್ತಿತ್ತು. ಗೂಡ್ಸ್ ರೈಲು ಶಂಟಿಂಗ್ ಮಾಡುವಾಗ ಗೂಡಿನಲ್ಲಿದ್ದ ಲೋಟಗಳು ಗಲಗಲ ಅನ್ನುತ್ತಿದ್ದವು. ಈಗ ಆ ಜಾಗದಲ್ಲಿ ದೊಡ್ಡ ಗೋದಾಮು ನಿಂತಿದೆ. ಒಮ್ಮೆ ಹೋಗಿ ನೋಡು ಅಂತ ಮಗಳು ಹೇಳುತ್ತಿರುತ್ತಾಳೆ. ನೋಡಿ ಏನು ಮಾಡಲಿ? ಆಡಿ ಬೆಳೆದ ಮನೆ ನಿಮಗೂ ಹೀಗೇ ಹೋಗಿದ್ದರೆ ನನ್ನ ಮಾತು ಅರ್ಥವಾದೀತು.

ಆ ಮನೆಯ ಜೀವ ಅಂದರೆ ನನ್ನ ಶಾರದತ್ತೆ, ಅಪ್ಪನ ತಂಗಿ. ಚಿಕ್ಕಂದಿನಲ್ಲಿ ಬಂದ ಜ್ವರ ಅವಳ ಹೃದಯ ಕೆಡಿಸಿಹೋಗಿತ್ತು. ಮದುವೆ ಬೇಡ, ಕೊಡ ಎತ್ತಬಾರದು, ಮೆಟ್ಟಿಲು ಹತ್ತಬಾರದು ಅಂತ ಡಾಕ್ಟರು ಹೇಳಿದ್ದರು. ಓದಬಾರದು ಅಂತ ಹೇಳಿರಲಿಲ್ಲ. ಹಾಗಾಗಿ ಓದಿದಳು, ಬರೀ ಮಾಯಾ ಮಂತ್ರದ ಕಥೆಗಳು, ಅದೂ ಭಾಗ ಭಾಗವಾಗಿ ಬರುವಂಥವು. ಓದಿ ಸುಮ್ಮನಿರುವ ಜಾತಿಯಲ್ಲ. ನಲ್ಲಿ ನೀರಿಗೆ ಬಂದವರನ್ನು ಹಿಡಿದು ಮೊದಲ ಅಧ್ಯಾಯ ಹೇಳುವಳು. ಮಾಂತ್ರಿಕ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ನಿಲ್ಲಿಸಿ, "ಮುಂದಿಂದು ಪುಸ್ತಕದಲ್ಲಿದೆ ಕಣ್ರೀ, ತಗೊಂಡೋಗಿ ಓದಿ" ಅನ್ನುವಳು. ಸೌದೆ ಡಿಪೋದವನ ಹೆಂಡತಿಯೂ ಹೀಗೇ ಓದುವ ಚಟಕ್ಕೆ ಬಿದ್ದಳು. ಪಕ್ಕದ ಮನೆಯ ನೂರಮ್ಮನಿಗೆ ಕನ್ನಡ ಓದಲು ಬರುತ್ತಿರಲಿಲ್ಲ. ಮಧ್ಯಾಹ್ನ ಅಡುಗೆ ಮುಗಿಸಿ ನಮ್ಮ ಹೊಸ್ತಿಲ ಹೊರಗೆ ಕೂತು ಅತ್ತೆಯ ಬಾಯಿಂದಲೇ ಕೇಳುತ್ತಿದ್ದರು. ಇಡೀ ಬೀದಿ ಅತ್ತೆ ಓದಿ ಬಿಟ್ಟ ಭಾಗವನ್ನು ಓದುತ್ತಿತ್ತು. ಅವಳಿಗಿಂತ ಮುಂದೆ ಓದಿದವರು ಯಾರೂ ಇರಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಅವಳನ್ನು ಹಿಡಿದದ್ದು ಏಳು ಭಾಗಗಳ 'ಹಾವುಗಂಬದ ಕೋಟೆ'. ತನ್ನ ನೆರಳನ್ನು ಕದ್ದ ಮಾಂತ್ರಿಕನನ್ನು ಹುಡುಕಿಕೊಂಡು ಹೊರಟ ರಾಜಕುಮಾರನ ಕಥೆ. ಭಾಗಕ್ಕೊಂದು ಬಾಗಿಲು. ಅತ್ತೆ ಗಟ್ಟಿಯಾಗಿ ಓದುತ್ತಿದ್ದರೆ ಅಜ್ಜಿ ಅವರೇಕಾಯಿ ಬಿಡಿಸುತ್ತಾ ಕೇಳುವಳು. ಅಜ್ಜಿಗೆ ಗಟ್ಟಿಯಾಗಿ ಓದಿದ್ದೆಲ್ಲ ಪುರಾಣವೇ. ಒಂದೊಂದು ಭಾಗ ಮುಗಿದಾಗಲೂ ಪುಸ್ತಕವನ್ನು ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ, ಕರ್ಪೂರ ಬೆಳಗಿ, ನಮಗೆಲ್ಲ ಪಾನಕ ಕೊಡುವಳು. ಬಾಡಿಗೆ ಪುಸ್ತಕದ ಅಂಗಡಿಯವನು, "ನಿಮ್ಮಜ್ಜಿಗೆ ಹೇಳಮ್ಮಾ, ಇದು ಲೈಬ್ರರಿ ಬುಕ್ಕು, ದೇವರಲ್ಲ" ಅಂತ ನನ್ನ ಹತ್ತಿರ ಗೋಳಾಡುತ್ತಿದ್ದ.

ಆರನೆಯ ಭಾಗದ ಕೊನೆಯಲ್ಲಿ ರಾಜಕುಮಾರ ಎದೆಗೆ ಈಟಿ ತಾಗಿ ಮರಳಿನ ಮೇಲೆ ಬಿದ್ದ. ಅಷ್ಟರಲ್ಲಿ ಅತ್ತೆಯೂ ಹಾಸಿಗೆ ಹಿಡಿದಿದ್ದಳು; ಕಾಲು ಊದಿ, ಒರಗಿ ಕೂತೇ ನಿದ್ದೆ ಮಾಡಬೇಕಿತ್ತು. ನಾನು ಏಳನೆಯ ಭಾಗ ತಂದ ದಿನ ಅಜ್ಜಿ ಅದನ್ನು ಕೈಯಿಂದ ಕಿತ್ತುಕೊಂಡಳು. ಅವಳ ತವರಿನಲ್ಲಿ ಪುರಾಣ ಓದಿಸುವಾಗ ಎಲ್ಲರೂ ಸಾಯುವ ಕೊನೆಯ ಪರ್ವವನ್ನು ಮನೆಯೊಳಗೆ ಓದುತ್ತಿರಲಿಲ್ಲವಂತೆ, ಗುಡಿಯ ಜಗಲಿಗೆ ಒಯ್ಯುತ್ತಿದ್ದರಂತೆ. ಮನೆಯಲ್ಲಿ ಓದಿದರೆ ಆ ಸಾವು ಮನೆಗೇ ಬರುತ್ತದೆ. "ಎದೆಗೆ ಈಟಿ ತಗೊಂಡು ಬಿದ್ದವ್ನೆ. ಇನ್ನು ಉಳೀತಾನಾ? ನಿನ್ ಕಾಲು ಊತ ಇಳೀಲಿ. ಗುಡೀಲಿ ಕೂತು ಓದುವಂತೆ" ಅಂದು ಪುಸ್ತಕಕ್ಕೆ ಹಳದಿ ಬಟ್ಟೆ ಸುತ್ತಿ ದೇವರ ಗೂಡಿನಲ್ಲಿಟ್ಟಳು.

ಗುಡಿ ಪಕ್ಕದ ಬೀದಿಯಲ್ಲೇ ಇತ್ತು. ಅತ್ತೆಗೆ ಬಚ್ಚಲಿಗೆ ಹೋಗುವುದೇ ಕಷ್ಟವಾಗಿತ್ತು. "ಕೊನೇ ಪುಟ ಒಂದೇ ಓದ್ತೀನಮ್ಮಾ" ಅಂತ ಮಗುವಿನ ಹಾಗೆ ಬೇಡಿದಳು. ಅಪ್ಪ ಜಗಳವಾಡಿದರು, ಅಜ್ಜಿ ಜಗ್ಗಲಿಲ್ಲ. ಅಂಗಡಿಯವನನ್ನು ನಾನು ಕೇಳಿದರೆ, "ನಾನು ಬಾಡಿಗೆಗೆ ಕೊಡೋನು ಕಣಮ್ಮಾ, ಓದೋನಲ್ಲ" ಅಂದ. ನೂರಮ್ಮ ಮಾತ್ರ ಒಂದು ದಾರಿ ಹೇಳಿದರು: "ನಮ್ ಮನೇಗೆ ಎತ್ಕೊಂಡ್ ಬನ್ನಿ ಅಮ್ಮಾ. ನಮ್ಗೆ ಆ ಶಾಸ್ತ್ರ ಇಲ್ಲ. ಅಲ್ಲೇ ಓದ್ಲಿ." ಅಜ್ಜಿ ಅವರ ಮುಖವನ್ನೇ ನೋಡಿದಳು. "ನಿನ್ ಮನೇಲಿ ಮಕ್ಳಿಲ್ವಾ ನೂರಮ್ಮಾ?" ಅಂದಳು. ಆಮೇಲೆ ಯಾರೂ ಆ ಮಾತು ಎತ್ತಲಿಲ್ಲ. ಅತ್ತೆ ಮಾತ್ರ ಸಂಜೆ ದೀಪ ಹಚ್ಚುವಾಗೆಲ್ಲ ಗೂಡಿನ ಕಡೆ ನೋಡಿ, "ಅವ್ನು ಬದುಕ್ತಾನಾ ಅಮ್ಮಾ?" ಅನ್ನುವಳು. "ನಿಂಗ್ಯಾಕೆ ಆ ಚಿಂತೆ, ಗಂಜಿ ಕುಡಿ" ಅನ್ನುವಳು ಅಜ್ಜಿ. ನಾನು ಸ್ಕೂಲಿನಲ್ಲಿದ್ದಾಗ ಅತ್ತೆ ಹೋಗಿಬಿಟ್ಟಳು. ಬೀದಿ ತಿರುಗುವಾಗಲೇ ನೂರಮ್ಮನ ಅಳು ಕೇಳಿಸಿತು.

ತಿಥಿಯೆಲ್ಲ ಮುಗಿದ ಮೇಲೆ, ಪುಸ್ತಕ ವಾಪಸು ಕೊಟ್ಟು ಬರುತ್ತೇನೆ ಅಂದರು ಅಪ್ಪ. ಅಜ್ಜಿ ಕೊಡಲಿಲ್ಲ. ಹಳದಿ ಬಟ್ಟೆ ಬಿಚ್ಚಿ, ಅತ್ತೆ ಒರಗುತ್ತಿದ್ದ ಗೋಡೆಗೆ ತಾನೇ ಒರಗಿ, ನಡುಮನೆಯಲ್ಲಿ ಗಟ್ಟಿಯಾಗಿ ಓದಲು ಶುರುಮಾಡಿದಳು. "ಮನೇಲಿ ಓದ್ಬಾರ್ದು ಅಂತ ನೀನೇ ಅಲ್ವಾ ಅಂದಿದ್ದು?" ಅಂದರು ಅಪ್ಪ. "ಇನ್ನೇನಾಗ್ಬೇಕು ಈ ಮನೆಗೆ?" ಅಂದಳು. ಅಕ್ಷರ ಕೂಡಿಸಿ ಕೂಡಿಸಿ ಎಷ್ಟೋ ಮಧ್ಯಾಹ್ನ ಓದಿದಳು. ನೂರಮ್ಮ ಹೊಸ್ತಿಲ ಹೊರಗೆ ಬಂದು ಕೂರುತ್ತಿದ್ದರು.

ರಾಜಕುಮಾರ ಸಾಯಲಿಲ್ಲ. ಒಬ್ಬ ಕುರುಬ ಹುಡುಗಿ ಈಟಿ ಕಿತ್ತು ಸೊಪ್ಪಿನ ರಸ ಹಿಂಡಿದಳು. ಕೊನೆಯ ಪುಟದಲ್ಲಿ ಅವನು ನೆರಳಿನ ಸಮೇತ ಮನೆಗೆ ಬಂದು, ಅಮ್ಮಾ ಹಸಿವು, ಅನ್ನ ಹಾಕು ಅಂದ. ಅಷ್ಟಕ್ಕೇ ಕಥೆ ಮುಗಿದಿತ್ತು. ಅಜ್ಜಿ ಹಿಂದಿನ ಪುಟಗಳನ್ನು ಮಗುಚಿ ನೋಡಿದಳು, ಎಲ್ಲಾದರೂ ಬಿಟ್ಟುಹೋಗಿದೆಯೇನೋ ಎನ್ನುವಂತೆ. "ಇದ್ರಲ್ಲಿ ಯಾರೂ ಸಾಯೋದೇ ಇಲ್ಲ ನೂರಮ್ಮಾ" ಅಂದಳು. ಆ ದಿನ ಕರ್ಪೂರ ಹಚ್ಚಲಿಲ್ಲ, ಪಾನಕವನ್ನೂ ಮಾಡಲಿಲ್ಲ.

ಅಜ್ಜಿ ಆಮೇಲೂ ಬಹಳ ವರ್ಷ ಬದುಕಿದಳು. ಸಂಜೆ ದೀಪ ಹಚ್ಚಿದ ಮೇಲೆ ಅತ್ತೆಯ ಫೋಟೋ ಮುಂದೆ ಸ್ವಲ್ಪ ಹೊತ್ತು ನಿಲ್ಲುತ್ತಿದ್ದಳು. ದೇವರ ನಾಮ ಹೇಳಿಕೊಳ್ಳುತ್ತಾಳೆ ಅಂತ ಬೇರೆಯವರು ಅಂದುಕೊಂಡಿದ್ದರು. ನಾನು ಪಕ್ಕದಲ್ಲೇ ಕೂತು ಹೋಂವರ್ಕ್ ಮಾಡುತ್ತಿದ್ದವಳು, ನನಗೆ ಕೇಳಿಸುತ್ತಿತ್ತು: "ಬದುಕ್ದ ಕಣಮ್ಮಾ ಅವ್ನು. ಮನೇಗ್ ಬಂದ. ಅನ್ನ ಕೇಳ್ದ."