ಪರದೆ ಆರಿಸಿ ಕುಳಿತ ಅಕ್ಕೋರು

ನಮ್ಮ ಟೈಪಿಂಗ್ ಅಕ್ಕೋರ ಬೆರಳ ತುದಿಗಳು ಚಪ್ಪಟೆಯಾಗಿದ್ದವು. ಮುಟ್ಟಿದರೆ ಹುಣಸೆಬೀಜದಷ್ಟು ಗಟ್ಟಿ. ಮೂವತ್ತು ವರ್ಷ ಕಬ್ಬಿಣದ ಟೈಪ್‌ರೈಟರ್ ಕುಟ್ಟಿದ ಬೆರಳುಗಳವು. ಅವರ ಮುಖ ಹೇಗಿತ್ತೋ ನನಗೆ ಗೊತ್ತಿಲ್ಲ. ಅವರು ಸಿಗುವ ಹೊತ್ತಿಗೆ ನನ್ನ ಕಣ್ಣಿಗೆ ಬೆಳಕು, ನೆರಳು ಅಷ್ಟೇ ಉಳಿದಿದ್ದವು. ಆದರೆ ನನ್ನ ಬೆರಳು ಹಿಡಿದು ಕೀಲಿಗಳ ಮೇಲೆ ಕೂಡ್ರಿಸಿದ ಆ ಕೈಯನ್ನು ನೂರು ಕೈಗಳ ನಡುವೆಯೂ ಗುರುತಿಸಬಲ್ಲೆ.

ಬಿ.ಎ. ಎರಡನೆಯ ವರ್ಷದಲ್ಲಿ ನನ್ನ ದೃಷ್ಟಿ ಹೋಯಿತು. ಒಂದೂವರೆ ವರ್ಷ ಗಬ್ಬೂರಿನ ಮನೆಯಲ್ಲಿ ಸುಮ್ಮನೆ ಕೂತೆ. ಕೊನೆಗೊಂದು ದಿನ ಅಪ್ಪ ನನ್ನನ್ನು ಸ್ಕೂಟರಿನ ಹಿಂದೆ ಕೂಡಿಸಿಕೊಂಡು ಹುಬ್ಬಳ್ಳಿಯ ಕಮರಿಪೇಟೆಯಲ್ಲಿದ್ದ ಅಕ್ಕೋರ ಟೈಪಿಂಗ್ ಕ್ಲಾಸಿಗೆ ಕರೆತಂದ. ಎರಡೇ ಕೋಣೆ. ಮೂಲೆಗೆ ಸರಿಸಿದ ಟೈಪ್‌ರೈಟರುಗಳು, ನಾಲ್ಕು ಹಳೆಯ ಕಂಪ್ಯೂಟರುಗಳು.

“ಅಕ್ಕೋರ, ನಮ್ಮ ಹುಡುಗಿಗೆ ಕಣ್ಣು ಕಾಣಂಗಿಲ್ರಿ. ಆದ್ರೂ ಏನರ ಕಲೀತಾಳೇನ್ರಿ?” ಅಪ್ಪನ ದನಿ ಎಂದೂ ಅಷ್ಟು ಸಣ್ಣದಾಗಿರಲಿಲ್ಲ.

“ಕೀಲಿ ನೋಡಿ ಟೈಪ್ ಮಾಡೋರಿಗೆ ನಾ ದಿನಾ ಬೈತೇನ್ರಿ,” ಎಂದರು ಅಕ್ಕೋರು. “ನಿಮ್ಮ ಹುಡುಗಿಗೆ ಬೈಯೂ ಕೆಲಸಾನ ಉಳೀತು. ನಾಳಿಗೆ ಹತ್ತಕ್ಕ ಕಳಸ್ರಿ.”

ಎರಡು ತಿಂಗಳಲ್ಲಿ ಬೆರಳು ಕುದುರಿತು. ಕಷ್ಟವಿದ್ದದ್ದು ಬೇರೆ ಕಡೆ. ನಾನು ಬರೆದದ್ದು ನನಗೆ ತಿಳಿಯಬೇಕೆಂದರೆ ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಬೇಕು. ಅಕ್ಕೋರು ಅದನ್ನು ಮೊದಲ ದಿನವೇ ಹಾಕಿದ್ದರು. ಆ ಮುದಿ ಕಂಪ್ಯೂಟರಿಗೆ ಅದು ಹೊರಲಾರದ ಭಾರವಾಯಿತು. ನಾನು ‘ಕ’ ಒತ್ತಿದ್ದನ್ನು ಅದು ‘ಕ’ ಎಂದು ಹೇಳುವಷ್ಟರಲ್ಲಿ ನಾನು ಮುಂದಿನ ಸಾಲಿನಲ್ಲಿರುತ್ತಿದ್ದೆ. ರಿಪೇರಿಯವನು ಬಂದು ನೋಡಿ, “ಗುಜರಿಗೆ ಹಾಕ್ರಿ ಅಕ್ಕೋರ, ಇದರಾಗ ಜೀವ ಇಲ್ಲ,” ಎಂದ.

“ಜೀವ ಐತಿ. ಮೈಮ್ಯಾಲಿನ ಸಾಮಾನು ಹೆಚ್ಚಾಗೇತಿ,” ಎಂದರು ಅಕ್ಕೋರು.

ಆ ಶನಿವಾರ ಕಂಪ್ಯೂಟರಿನಲ್ಲಿದ್ದುದನ್ನೆಲ್ಲ ಅಳಿಸಿ, ಆಪರೇಟಿಂಗ್ ಸಿಸ್ಟಮ್ಮನ್ನು ಹೊಸದಾಗಿ ಹಾಕಿದರು. ಇನ್ನು ಅದರೊಳಗೆ ಯಾವುದಿರಬೇಕು, ಯಾವುದು ಬೇಡ ಎಂದು ಒಂದೊಂದಾಗಿ ಆರಿಸಬೇಕಿತ್ತು. ಸೋಮವಾರ ನಾನು ಹೋದಾಗ ಕೋಣೆಯಲ್ಲಿ ಬರೀ ಕೀಲಿಯ ಸದ್ದು. ಪರದೆಯಿದ್ದ ಕಡೆ ಎಂದಿನ ಬೆಳಕಿನ ಕಲೆಯೂ ಕಾಣಲಿಲ್ಲ.

“ಏನ್ ಮಾಡಾಕತ್ತೀರಿ ಅಕ್ಕೋರ?”

“ಪರದೆ ಆರಿಸೇನಿ, ತಂಗಿ. ಕಣ್ಣಿದ್ದೋರು ನೋಡಿ ಆರಿಸಿದ ತಂತ್ರಾಂಶ ನಿನಗ ಹೊಂದೂದಿಲ್ಲ. ನಿನ್ನಂಗ ಕಿವೀಲೆ ನೋಡಾಕತ್ತೇನಿ.”

ಒಂದು ವಾರವಿಡೀ ಹಾಗೆ ಕುಳಿತರು. ಮೊದಲ ದಿನ ತೆರೆದದ್ದನ್ನು ಮುಚ್ಚಲು ಬಾರದೆ ತಮ್ಮನ್ನೇ ಬೈದುಕೊಂಡರು. ಎಲ್ಲರೂ ಬಳಸುವ ದೊಡ್ಡ ಬರವಣಿಗೆಯ ತಂತ್ರಾಂಶ ಹಾಕಿದರು; ಅದು ತೆರೆಯುವಷ್ಟರಲ್ಲಿ ನಮ್ಮಿಬ್ಬರ ಚಹಾ ಮುಗಿಯಿತು. “ಇದು ಮದುಮಗಳಿದ್ದಂಗ. ಹೊರಗ ಬರಾಕ ತಾಸು ಬೇಕು,” ಎಂದು ತೆಗೆದುಹಾಕಿದರು. ಇನ್ನೊಂದು ಲಗೂ ತೆರೆಯಿತು. ಆದರೆ ಓದಿ ಹೇಳುವ ತಂತ್ರಾಂಶ ಅದರ ಗುಂಡಿಗಳ ಹೆಸರನ್ನು ಹೇಳಲೇ ಇಲ್ಲ. ಅದೂ ಹೋಯಿತು. ಕೊನೆಗೆ ಬರೀ ಅಕ್ಷರ ಬರೆಯುವ, ಬೇರೇನೂ ಬಾರದ ಒಂದು ಪುಟ್ಟ ತಂತ್ರಾಂಶ ಉಳಿಯಿತು. ದನಿಯ ವಿಷಯದಲ್ಲೂ ಹಾಗೇ. ಇಂಪಾದ ಹೆಣ್ಣುದನಿಯನ್ನು ಬಿಟ್ಟು, ತಗಡಿನ ಡಬ್ಬಿಯೊಳಗಿಂದ ಮಾತಾಡಿದಂತಿದ್ದ ಹಗುರ ದನಿಯನ್ನು ಆರಿಸಿದರು.

ನನಗೆ ಸಿಟ್ಟು ಬಂತು. “ಕಚೇರ್ಯಾಗ ಎಲ್ಲಾರೂ ದೊಡ್ಡದ ಬಳಸ್ತಾರ್ರಿ. ನನಗಷ್ಟ ಯಾಕ್ರಿ ಇಂಥಾದ್ದು?”

ಕೀಲಿಯ ಸದ್ದು ನಿಂತಿತು.

“ದೊಡ್ಡದನ್ನೂ ಕಲಸ್ತೇನಿ. ಆದ್ರ ಮೊದಲ ನೀ ಒತ್ತಿದ್ದು ನಿನಗ ಆಗಿಂದಾಗ ಕೇಳಬೇಕು. ಯಂತ್ರ ತಡಾ ಮಾಡಿದ್ರ ತಪ್ಪು ನಿಂದ ಅಂತ ತಿಳಕೋತಿ ನೀ. ಎರಡು ತಿಂಗಳಾತು, ಹಂಗ ತಿಳಕೊಂಡು ಮೂಲ್ಯಾಗ ಕುಂತು ಅಳ್ತಿ. ನನಗ ಕೇಳಸೂದಿಲ್ಲೇನು?”

ಅವರು ಎದ್ದು ಜಾಗ ಬಿಟ್ಟರು. ಅವರ ಕುರ್ಚಿಯಲ್ಲಿ ಕುಳಿತು ‘ಕ’ ಒತ್ತಿದೆ. ಬೆರಳು ಏಳುವ ಮೊದಲೇ ಆ ತಗಡಿನ ದನಿ ‘ಕ’ ಎಂದಿತು. ನನ್ನ ಹೆಸರು ಬರೆದೆ. ಜೊತೆಜೊತೆಗೇ ಹೇಳುತ್ತ ಬಂತು. ಆವತ್ತು ಮೂರು ಪುಟ ಬರೆದೆ.

ಮರುವರ್ಷ ಧಾರವಾಡದ ಕಚೇರಿಯೊಂದರಲ್ಲಿ ಟೈಪಿಸ್ಟ್ ಹುದ್ದೆಗೆ ಪರೀಕ್ಷೆಯಿತ್ತು. ಅಕ್ಕೋರೇ ಕರೆದೊಯ್ದರು. ಬಾಗಿಲಲ್ಲೇ ಅಧಿಕಾರಿ ತಡೆದರು. “ನಮ್ಮಲ್ಲಿ ಮಾತಾಡೂ ಕಂಪ್ಯೂಟರ್ ಇಲ್ಲಮ್ಮ. ಹೊಸದೇನೂ ಹಾಕಾಕೂ ಬರೂದಿಲ್ಲ.”

ಅಕ್ಕೋರ ಚೀಲದ ಜಿಪ್ ಸದ್ದಾಯಿತು. “ಹಾಕೂದೇನೂ ಇಲ್ರಿ ಸಾಹೇಬ್ರ. ಆಕಿಗೆ ಬೇಕಾದ್ದೆಲ್ಲಾ ಈ ಪೆನ್‌ಡ್ರೈವಿನಾಗ ಐತಿ. ಹಚ್ಚಿದ್ರ ನಡೀತೈತಿ, ತಗದ್ರ ನಿಮ್ಮ ಕಂಪ್ಯೂಟರ್ ಇದ್ದಂಗ ಇರ್ತೈತಿ. ಮೊದಲ ನಿಮ್ಮೋರ ಕಡಿಂದನ ನೋಡಸ್ರಿ.”

ಕಚೇರಿಯ ಆಪರೇಟರ್ ಹಚ್ಚಿ ನೋಡಿದ. ಆರಿಸಿ ಆರಿಸಿ ಹಗುರ ಮಾಡಿದ್ದರಿಂದಲೇ ಎಲ್ಲವೂ ಆ ಬೆರಳುದ್ದದ ವಸ್ತುವಿನಲ್ಲಿ ಹಿಡಿಸಿತ್ತು, ಅಲ್ಲಿಂದಲೇ ಓಡಿತು. ಅಧಿಕಾರಿ ಕುರ್ಚಿ ಎಳೆದು, “ಕುಂದ್ರಮ್ಮ,” ಎಂದರು. ಒಬ್ಬರು ಓದಿದರು, ನಾನು ಟೈಪ್ ಮಾಡಿದೆ. ಎರಡೇ ತಪ್ಪು ಬಂದಿದ್ದವು.

ಅಧಿಕಾರಿ ಹೊರಗೆ ಬಂದು ಕೇಳಿದರು: “ಈಕಿಗೆ ಕಲಿಸಿದೋರು ಯಾರ್ರಿ?”

“ನಾನ ಕಲಿಸೇನ್ರಿ,” ಎಂದರು ಅಕ್ಕೋರು. “ಆ ಎರಡು ತಪ್ಪು ಮಾತ್ರ ಆಕೀವು.”

ಅಧಿಕಾರಿ ಜೋರಾಗಿ ನಕ್ಕರು. ಬಸ್ಸಿನಲ್ಲಿ ಹುಬ್ಬಳ್ಳಿ ಮುಟ್ಟುವವರೆಗೂ ಅಕ್ಕೋರು ನನ್ನ ಕೈ ಬಿಡಲಿಲ್ಲ. ಕೆಲಸದ ಆದೇಶ ಬಂದ ದಿನ ಕಮರಿಪೇಟೆಯಲ್ಲಿ ಅವರು ಪೇಢೆ ಹಂಚದ ಮನೆಯಿರಲಿಲ್ಲ ಎಂದು ಅಪ್ಪ ಇಂದಿಗೂ ಹೇಳುತ್ತಾನೆ.

ಕಳೆದ ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು. ಶಿವಗಣಾರಾಧನೆಯ ಪತ್ರಿಕೆ ಟೈಪ್ ಮಾಡಿಕೊಡಲು ಅವರ ಮಗಳು ನನ್ನನ್ನೇ ಕೇಳಿದಳು. ಅವಳು ಹೇಳಿದ ವಿವರದಲ್ಲಿ ಮನೆಯವರ ಹೆಸರುಗಳಷ್ಟೇ ಇದ್ದವು. ಅವಳ ಒಪ್ಪಿಗೆ ಪಡೆದು ನಾನೊಂದು ಸಾಲು ಸೇರಿಸಿದೆ: ‘ಕಮರಿಪೇಟೆಯ ಟೈಪಿಂಗ್ ಅಕ್ಕೋರು.’

ಆರಾಧನೆಯ ದಿನ ಆ ಸಾಲು ಕಂಡ ಜನ ಅವರ ಮನೆಯಂಗಳಕ್ಕೆ ಬಂದರು. ಎಲ್ಲೆಲ್ಲಿಂದಲೋ ಬಂದರು. ಮಗಳು ಪ್ರತಿಯೊಬ್ಬರನ್ನೂ ಯಾರೆಂದು ಕೇಳುತ್ತಿದ್ದಳು. “ಕೋರ್ಟಿನಾಗ ಟೈಪಿಸ್ಟ್ ಇದ್ದೇನ್ರಿ, ಅಕ್ಕೋರ ಕಡೆ ಕಲ್ತಿದ್ದೆ.” “ಬ್ಯಾಂಕಿನಾಗ ಕೆಲಸಕ್ಕ ಇದ್ದೇನ್ರಿ, ಅಕ್ಕೋರ ಕಡೆ ಕಲ್ತಿದ್ದೆ.” ನನ್ನ ಮುಂದಿನ ಸಾಲಿನಿಂದ, ಹಿಂದಿನ ಸಾಲಿನಿಂದ ದನಿಗಳು ಬರುತ್ತಲೇ ಇದ್ದವು. ನನ್ನ ಸರದಿ ಬಂದಾಗ ಮಗಳಿಗೆ ನಾನು ಗೊತ್ತಿದ್ದರೂ ನಾನೂ ಎದ್ದು ನಿಂತು ನನ್ನ ಕಚೇರಿಯ ಹೆಸರು ಹೇಳಿ, “ಅಕ್ಕೋರ ಕಡೆ ಕಲ್ತಿದ್ದೆ” ಎಂದೆ, ಇಡೀ ಅಂಗಳಕ್ಕೆ ಕೇಳುವಷ್ಟು ಗಟ್ಟಿಯಾಗಿ.